ಟರ್ನ್‌ಟೇಬಲ್ ಕೆಳಗಿನ ಬೇರಿಂಗ್ ಗುಂಡು: ಯಾವ ಲೋಹ, ಯಾವ ಗ್ರೇಡ್?

ವಿನೈಲ್‌ಪ್ರಿಯ:
ಮನೆಯಲ್ಲೇ ಕಟ್ಟಿದ ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ), ಸ್ಪ್ರಿಂಗ್ ಇಲ್ಲದ ಪ್ಲೈವುಡ್ ತಳ, ಒಟ್ಟು 12 ಕೆಜಿ. ತಳ ಅಡ್ಡಡ್ಡ ಓಲಾಡಿ ಅಲುಗಾಟ ತಡೆಯಲಿ ಎಂದು ಅದರ ಕೆಳಗೆ ಇನ್ನೊಂದು ಹಲಗೆ, ಆ ಕೆಳಹಲಗೆಯ ಮೇಲೆ ಮೂರು ಬಟ್ಟಲು, ತಳದ ಅಡಿಯಲ್ಲಿ ಬೋರಲು ಮೂರು, ನಡುವೆ ಒಂದೊಂದು ಗುಂಡು ಇಡಬೇಕೆಂದಿದ್ದೇನೆ. ಬಟ್ಟಲು ಅಲ್ಯೂಮಿನಿಯಂ ಆದೀತೇ? ಗುಂಡು ಸ್ಟೇನ್‌ಲೆಸ್ 304 ಸಾಕೇ, ಸೆರಾಮಿಕ್ ಬೇಕೇ? ಪಕ್ಕದಲ್ಲಿ ನಡೆದರೆ ಸ್ಟೈಲಸ್ (ರೆಕಾರ್ಡಿನ ಮೇಲೆ ಓಡುವ ಮುಳ್ಳು) ಹಾರುತ್ತದೆ, ಅದು ನಿಲ್ಲಬೇಕು.

ಲೇತ್‌ಮನೆ:
ಮೊದಲು ಬಟ್ಟಲು ನಿರ್ಧರಿಸಿ ಸರ್, ಗುಂಡು ಆಮೇಲೆ. ಅಡ್ಡ ಓಲಾಟ ಎಷ್ಟು ನಿಧಾನ ಎಂಬುದು ಬಟ್ಟಲಿನ ವಕ್ರತೆಯ ತ್ರಿಜ್ಯದ ಮೇಲೆ ನಿಂತಿದೆ. ತ್ರಿಜ್ಯ 50 ಮಿಮೀ, ಗುಂಡಿನ ವ್ಯಾಸ 12 ಮಿಮೀ ಇದ್ದರೆ ಸುಮಾರು 1.7 ಹರ್ಟ್ಸ್, ಅಂದರೆ ಸೆಕೆಂಡಿಗೆ 1.7 ಓಲಾಟ. ಮೇಲಿನ ಬಟ್ಟಲಿನ ಬದಲು ಚಪ್ಪಟೆ ತಟ್ಟೆ ಇಟ್ಟರೆ 1.2. ತ್ರಿಜ್ಯ 25ಕ್ಕೆ ಇಳಿದರೆ 2.6ಕ್ಕೆ ಏರುತ್ತದೆ. 1ಕ್ಕಿಂತ ಕೆಳಗೆ ಇಳಿಸುವ ಆಸೆ ಬೇಡ: 33⅓ರ ರೆಕಾರ್ಡು ಸೆಕೆಂಡಿಗೆ 0.56 ಸುತ್ತು, 45ರದ್ದು 0.75. ಆ ಹತ್ತಿರ ಹೋದರೆ ಪ್ಲ್ಯಾಟರಿನ (ರೆಕಾರ್ಡು ಕೂರುವ ತಿರುಗುತಟ್ಟೆಯ) ತೂಕದ ಏರುಪೇರೇ ತಳವನ್ನು ತೂಗಾಡಿಸುತ್ತದೆ.

304 ಮೆದು, ಬೇಡ. ಒಂದು ಗುಂಡಿನ ಮೇಲೆ ಬೀಳುವುದು 4 ಕೆಜಿಯಷ್ಟೇ, ಆದರೆ ತಾಗುವ ಜಾಗ ಚುಕ್ಕೆಯಷ್ಟು. ಉಕ್ಕಿಗೆ ಉಕ್ಕು ತಾಗಿದರೆ ಅಲ್ಲಿ 1.3ರಿಂದ 1.4 ಗಿಗಾಪ್ಯಾಸ್ಕಲ್ ಒತ್ತಡ. ಅಲ್ಯೂಮಿನಿಯಂ ಆದರೆ ಗುಳಿ ಬೀಳುತ್ತದೆ, ಗುಂಡು ಅದರಲ್ಲೇ ಕೂತುಬಿಡುತ್ತದೆ, ಉರುಳುವುದೇ ಇಲ್ಲ. ಬಟ್ಟಲನ್ನು ಇಎನ್31 ಎಂಬ ಬೇರಿಂಗ್ ಉಕ್ಕಿನಲ್ಲಿ ಕಡೆಸಿ, 58–60 ರಾಕ್‌ವೆಲ್ ಸಿಗೆ (ಗಡಸುತನದ ಅಳತೆ) ಹಾರ್ಡನಿಂಗ್ ಮಾಡಿಸಿ, ಕನ್ನಡಿಯಂತೆ ಪಾಲಿಶ್ ಮಾಡಿಸಿ. ಗುಂಡು ಕ್ರೋಮ್ ಸ್ಟೀಲ್, ಗ್ರೇಡ್ 25 (ಗುಂಡಿನ ನಿಖರತೆಯ ದರ್ಜೆ), ಮೂರೂ ಒಂದೇ ಪ್ಯಾಕೆಟ್ಟಿನವು. ಅದರ ಆಕಾರದ ತಪ್ಪು 0.6 ಮೈಕ್ರಾನ್, ಬಟ್ಟಲು ಅಷ್ಟು ನುಣುಪಾಗಿ ಬರುವುದೇ ಕಷ್ಟ. ಸೆರಾಮಿಕ್‌ಗೆ ಸುರಿಯುವ ದುಡ್ಡನ್ನು ಪಾಲಿಶ್‌ಗೆ ಕೊಡಿ.

ಗಾಜುಬಟ್ಟಲು:
ಲೇತ್ ಕೆಲಸ ದುಬಾರಿಯಾದರೆ ಒಂದು ಮುಖ ಚಪ್ಪಟೆ, ಇನ್ನೊಂದು ತಗ್ಗು ಇರುವ ಗಾಜಿನ ಲೆನ್ಸ್ ಕೊಳ್ಳಿ, ಫೋಕಲ್ ಲೆಂಗ್ತ್ ಮೈನಸ್ 100 ಮಿಮೀ. ತ್ರಿಜ್ಯ ಸುಮಾರು 52 ಬರುತ್ತದೆ, ಪಾಲಿಶ್ ಮೊದಲೇ ಆಗಿರುತ್ತದೆ. ತಳವನ್ನು ಮೆಲ್ಲಗೆ ಇಳಿಸಿ, ಕುಕ್ಕಿದರೆ ಗಾಜು ಉಂಗುರಾಕಾರದಲ್ಲಿ ಬಿರುಕು ಬಿಡುತ್ತದೆ.

ಆದರೆ ಸ್ಟೈಲಸ್ ಹಾರುವುದು ಇದರಿಂದ ನಿಲ್ಲದು. ಹೆಜ್ಜೆಯ ಹೊಡೆತ ಹೆಚ್ಚಾಗಿ ಮೇಲೆ-ಕೆಳಗೆ. ಆ ದಿಕ್ಕಿಗೆ ಗುಂಡು ಒಂದಿಷ್ಟೂ ಬಗ್ಗುವುದಿಲ್ಲ. ಕೆಳಹಲಗೆಯ ಅಡಿ ಸ್ಪ್ರಿಂಗ್ ಬೇಕು, ಪೂರ್ತಿ ತೂಕಕ್ಕೆ 10 ಮಿಮೀ ಕುಗ್ಗುವಂಥದ್ದು. ಅದು 5 ಹರ್ಟ್ಸ್, ಅಲುಗಾಟಕ್ಕೆ ತಡೆ ಶುರುವಾಗುವುದು 7ರಿಂದ ಮೇಲೆ. ಅದಕ್ಕಿಂತ ಸುಲಭ, ಗೋಡೆಗೆ ಬಿಗಿದ ಶೆಲ್ಫ್.

ವಿನೈಲ್‌ಪ್ರಿಯ:
ಶೆಲ್ಫನ್ನೇ ಮೊದಲು ಹಾಕಿಸುತ್ತೇನೆ. ಬಟ್ಟಲಿಗೆ ಗ್ರೀಸ್ ಬೇಕೇ?

ಲೇತ್‌ಮನೆ:
ಬೇಡವೇ ಬೇಡ, ಧೂಳು ಅಂಟಿ ಗುಂಡು ತಡೆಯುತ್ತದೆ. ತುಕ್ಕಿಗೆ ಹೆದರಿ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದರೂ ಒಣಬಟ್ಟೆಯಲ್ಲಿ ಒರೆಸಿಬಿಡಿ. ಕೆಳಹಲಗೆ ಸ್ಪಿರಿಟ್ ಲೆವೆಲ್‌ನಲ್ಲಿ ಸರಿಯಿರಬೇಕು, ಇಲ್ಲವಾದರೆ ಗುಂಡು ಬಟ್ಟಲಿನ ನಡು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ದಪ್ಪ ಪವರ್ ಕಾರ್ಡ್ ತಳವನ್ನು ಎಳೆದು ಹಿಡಿಯುತ್ತದೆ, ಕೊನೆಯ ಒಂದಡಿ ತೆಳು ಸಿಲಿಕೋನ್ ವೈರ್ ಹಾಕಿ ಸಡಿಲವಾಗಿ ಬಿಡಿ.