ದುಬೈ ಕೆಲಸ: ಕುಟುಂಬದ ವೀಸಾ ಕುರಿತು

ಪ್ರಶ್ನೆ (ಬಳ್ಳಾರಿ): ತೋರಣಗಲ್ಲಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನಿಗೆ ದುಬೈನಲ್ಲಿ ಉದ್ಯೋಗ ದೊರೆತಿದೆ. ಹೆಂಡತಿ ಮಕ್ಕಳನ್ನೂ ಜೊತೆಯಲ್ಲೇ ಕರೆದೊಯ್ಯಬಹುದೇ? ಹಂಪಿಯಲ್ಲಿ ನಡೆದ ಅವರ ಮದುವೆ ಇನ್ನೂ ನೋಂದಣಿಯಾಗಿಲ್ಲ.

ಉತ್ತರ ೧: ಮೊದಲು ನಿಮ್ಮ ತಮ್ಮನ ವಾಸದ ಪರವಾನಗಿ ಆಗಬೇಕು, ಬಳಿಕ, ತಿಂಗಳ ಸಂಬಳ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ ಇದ್ದರೆ, ಅವರೇ ಕುಟುಂಬದ ಪ್ರಾಯೋಜಕರಾಗಬಹುದು.

ಉತ್ತರ ೨: ನನ್ನ ಪ್ರಕಾರ ನಿಜವಾದ ತಡೆ ಮದುವೆಯ ಪ್ರಮಾಣಪತ್ರವೇ. ದುಬೈ ಇರುವ ಯುಎಇ ದೇಶವು ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿ (ಒಂದೇ ಮುದ್ರೆಯಿಂದ ಸದಸ್ಯ ದೇಶಗಳು ಪರಸ್ಪರರ ದಾಖಲೆ ಒಪ್ಪುವ ವ್ಯವಸ್ಥೆ) ಇಲ್ಲದ ಕಾರಣ ಅಪೊಸ್ಟಿಲ್ ಮುದ್ರೆ ಸಾಲದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ ಮತ್ತು ಯುಎಇ ರಾಯಭಾರ ಕಚೇರಿಗಳಿಂದ ಕ್ರಮವಾಗಿ ದೃಢೀಕರಿಸಬೇಕು. ಮಕ್ಕಳ ಜನನ ಪತ್ರಕ್ಕೂ ಇದೇ ದಾರಿ. ಇಂದೇ ಆರಂಭಿಸಿ.

ಉತ್ತರ ೩: ಹದಿನೆಂಟು ದಾಟಿದವರಿಗೆ ಅಲ್ಲಿ ವೈದ್ಯಕೀಯ ಪರೀಕ್ಷೆ ಇರುತ್ತದೆ. ತಮ್ಮನ ಹೆಂಡತಿ ದುಡಿಯುವುದಾದರೆ ಪ್ರತ್ಯೇಕ ಕೆಲಸದ ಪರವಾನಗಿ ಬೇಕು.