ಮೊದಲ ವಾರ ಇಳಿಯುವ 3 ಕೆಜಿ: ನೀರೋ, ಕೊಬ್ಬೋ?

ಮಂದಾರ: ಕೀಟೊ, ಅಂದ್ರೆ ಕಾರ್ಬ್ (ಅನ್ನ, ರೊಟ್ಟಿ, ಸಕ್ಕರೆಯಂಥ ಪಿಷ್ಟ-ಸಿಹಿ) ತೀರಾ ಕಡಿತ ಮಾಡುವ ಡಯಟ್, ಹಿಡಿದವರಿಗೆ ಮೊದಲ ವಾರದಲ್ಲೇ 2–3 ಕೆಜಿ ಇಳಿಯುತ್ತೆ, ಊಟದಲ್ಲಿ ಕೊಬ್ಬು ಕಡಿಮೆ ಮಾಡುವ ಡಯಟ್‌ನಲ್ಲಿ ಅಷ್ಟು ಇಳಿಯಲ್ಲ. ಹಾಗಾಗಿ ತೂಕ ಇಳಿಸೋಕೆ ಕಾರ್ಬ್ ಕಡಿತವೇ ಮೇಲು ಅನ್ನೋದು ನನ್ನ ವಾದ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ ದಾಟದೇ ಇದ್ದರೆ ಇನ್ಸುಲಿನ್ ತಗ್ಗುತ್ತೆ, ಕೊಬ್ಬು ಕರಗುತ್ತೆ. ಕ್ಯಾಲೊರಿ ಲೆಕ್ಕ ಯಾಕೆ ಬೇಕು?

ಲೆಕ್ಕಿಗ: ಮಂದಾರ ಅವರೇ, ಒಂದು ಕೆಜಿ ದೇಹದ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ವಾರದಲ್ಲಿ 3 ಕೆಜಿ ಕೊಬ್ಬೇ ಕರಗಬೇಕಾದರೆ ದಿನಕ್ಕೆ 3,300 ಕ್ಯಾಲೊರಿ ಕೊರತೆ ಬೀಳಬೇಕು. ಹೆಚ್ಚಿನವರ ಇಡೀ ದಿನದ ಖರ್ಚೇ ಅಷ್ಟಿರಲ್ಲ. ಇಳಿದದ್ದರಲ್ಲಿ ಬಹುಪಾಲು ನೀರು. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟ ಕಾರ್ಬ್) ಇರುತ್ತೆ, ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು. ಕಾರ್ಬ್ ನಿಂತಾಗ ಆ ದಾಸ್ತಾನು ಕರಗಿ ನೀರೂ ಹೋಗುತ್ತೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಹೊರಹಾಕೋದರಿಂದ ಇನ್ನಷ್ಟು ನೀರು ಹೋಗುತ್ತೆ. ಮೊದಲ ದಿನಗಳ ತಲೆನೋವು, ಸುಸ್ತಿಗೆ ಒಂದು ಮುಖ್ಯ ಕಾರಣ ಇದೇ. ಮತ್ತೆ ಕಾರ್ಬ್ ತಿಂದ ಎರಡು ಮೂರು ದಿನದಲ್ಲಿ ಆ ನೀರು ವಾಪಸ್ ಬರುತ್ತೆ. ಆಗ ಜನ "ಡಯಟ್ ಕೆಟ್ಟಿತು" ಅಂತ ಕೈಬಿಡ್ತಾರೆ, ಕೆಟ್ಟಿರೋದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 609 ಜನ, 12 ತಿಂಗಳು. ಊಟದಲ್ಲಿ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ, ಕಾರ್ಬ್ ಕಡಿಮೆ ಮಾಡಿದವರು 6 ಕೆಜಿ ಇಳಿದರು. ಗಣನೀಯ ವ್ಯತ್ಯಾಸ ಅಲ್ಲ.

ಮಂದಾರ: ನೀರಿನ ಮಾತು ಒಪ್ಪಿದೆ. ಆದರೆ ಸರಾಸರಿ ಅನ್ನೋದು ತುಂಬಾ ಮುಚ್ಚಿಡುತ್ತೆ. ಅದೇ ಪ್ರಯೋಗದ ಎರಡೂ ಗುಂಪಿನಲ್ಲಿ 25 ಕೆಜಿಗಿಂತ ಹೆಚ್ಚು ಇಳಿದವರೂ ಇದ್ದರು, ತೂಕ ಏರಿದವರೂ ಇದ್ದರು. ಪ್ರೋಟೀನ್ ಏರಿ, ಬ್ರೆಡ್ಡು, ಬಿಸ್ಕತ್ತು, ಸಿಹಿ ಪಾನೀಯ ತಟ್ಟೆಯಿಂದ ಹೋದರೆ ಹಸಿವು ತಗ್ಗುತ್ತೆ, ಲೆಕ್ಕ ಇಡದೇ ಊಟ ಕಡಿಮೆಯಾಗುತ್ತೆ. ಕೀಟೊ ಕೆಲಸ ಮಾಡೋದು ಹಾಗೆ.

ಲೆಕ್ಕಿಗ: ಹಾಗಾದರೆ ಕೊರತೆ ಬೇಕೇ ಬೇಕು ಅಂತ ನೀವೂ ಒಪ್ಪಿದಂತಾಯ್ತು. ಅದು ಯಾವ ದಾರಿಯಿಂದ ಬರುತ್ತೆ ಅನ್ನೋದೊಂದೇ ಬೇರೆ.

ಎಂಟುಗಂಟೆ: 16:8ಕ್ಕೂ, ಅಂದ್ರೆ 16 ಗಂಟೆ ಉಪವಾಸ ಇದ್ದು 8 ಗಂಟೆಯೊಳಗೆ ತಿನ್ನೋದಕ್ಕೂ, ಇದೇ ಮಾತು. ಚೀನಾದ ಗ್ವಾಂಗ್‌ಝೌನಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿಂತು. ಎರಡೂ ಗುಂಪಿಗೆ ಒಂದೇ ಕ್ಯಾಲೊರಿ ಮಿತಿ. ವರ್ಷದ ಕೊನೆಗೆ ಹೊತ್ತು ಕಟ್ಟಿ ತಿಂದವರಿಗೆ 8 ಕೆಜಿ, ಉಳಿದವರಿಗೆ 6.3 ಕೆಜಿ ಇಳಿಕೆ, ಸಂಖ್ಯಾಶಾಸ್ತ್ರದ ಪ್ರಕಾರ ವ್ಯತ್ಯಾಸ ಇಲ್ಲ. ಆದರೂ ರಾತ್ರಿ ಟಿವಿ ಮುಂದೆ ಕುರುಕಲು ತಿನ್ನುವವರಿಗೆ ಇಷ್ಟು ಸುಲಭದ ನಿಯಮ ಇನ್ನೊಂದಿಲ್ಲ. ಎಡವೋದು ಎಲ್ಲಿ ಅಂದ್ರೆ, "ಉಪವಾಸ ಇದ್ದೆನಲ್ಲ" ಅಂತ ಎಂಟು ಗಂಟೆಯೊಳಗೆ ಮೂರು ಊಟದಷ್ಟು ತುಂಬಿಸೋದು. 5:2ರಲ್ಲೂ ಅಷ್ಟೇ: ಎರಡು ದಿನ 500–600 ಕ್ಯಾಲೊರಿಗೆ ಇಳಿದು, ಉಳಿದ ಐದು ದಿನ ಅದನ್ನು ತೀರಿಸಿಕೊಳ್ಳೋದು.

ಪಥ್ಯತಜ್ಞೆ: ಯಾವುದು ಹೆಚ್ಚು ಇಳಿಸುತ್ತೆ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಈಗ ಯಾವ ಮಾತ್ರೆ ತಗೋತಿದ್ದೀರಿ ಅಂತ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಮೇಲಿರುವವರು ಪ್ರಮಾಣ ಬದಲಿಸದೇ ಕಾರ್ಬ್ ಕಡಿತ ಅಥವಾ ಉಪವಾಸ ಶುರುಮಾಡಿದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ (ಇವೂ ಮಧುಮೇಹದ ಮಾತ್ರೆಗಳೇ) ತಗೊಳ್ಳುವವರಿಗೆ ಕೀಟೊ ಇನ್ನೂ ಅಪಾಯ: ಸಕ್ಕರೆ ಹೆಚ್ಚೇನೂ ಏರದೇ ರಕ್ತ ಆಮ್ಲೀಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಲುಕೋಮೀಟರ್ ನೋಡಿ ಸಮಾಧಾನ ಪಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಹಾಲೂಡಿಸುವವರು, ಊಟದ ಜೊತೆ ಮನಸ್ಸಿನ ತೊಡಕು ಇದ್ದವರು ಇವ್ಯಾವುದನ್ನೂ ಸ್ವಂತವಾಗಿ ಮಾಡಬಾರದು. ಕೀಟೊದಲ್ಲಿ ಕೆಲವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಬಹಳ ಏರುತ್ತೆ. ಶುರುವಿಗೆ ಮುಂಚೆ ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ ಪರೀಕ್ಷೆ ಮಾಡಿಸಿ.

800 ಕ್ಯಾಲೊರಿಗಿಂತ ಕೆಳಗಿನ ಡಯಟ್ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚು. ಊಟದಲ್ಲಿ ಕೊಬ್ಬು ತೀರಾ ಕಡಿಮೆಯಾದರೆ ಪಿತ್ತಕೋಶ ಸರಿಯಾಗಿ ಸಂಕುಚಿಸಲ್ಲ, ಪಿತ್ತ ಅಲ್ಲೇ ನಿಲ್ಲುತ್ತೆ.

ಹಸಿರುದಂಟು: ಕಡಿಮೆ ಕೊಬ್ಬಿನ ಡಯಟ್ ಅಂತ ಜನ "ಫ್ಯಾಟ್ ಫ್ರೀ" ಪೊಟ್ಟಣ ತರ್ತಾರೆ, ರುಚಿಗೆ ಅದರಲ್ಲಿ ಸಕ್ಕರೆ ಸುರಿದಿರ್ತಾರೆ. ಅದಕ್ಕಿಂತ ಅಡುಗೆ ಎಣ್ಣೆ ಅಳೆಯಿರಿ. ಒಂದು ಟೇಬಲ್ ಚಮಚ, ಅಂದ್ರೆ 15 ಮಿ.ಲೀ., ಸುಮಾರು 120 ಕ್ಯಾಲೊರಿ. ಕಣ್ಣಂದಾಜಿನಲ್ಲಿ ಅದು ಸಲೀಸಾಗಿ ಎರಡು ಚಮಚ ಆಗುತ್ತೆ. ಪೂರ್ತಿ ಸಸ್ಯಾಹಾರಿ, ಹಾಲೂ ಬೇಡ ಅನ್ನುವವರು ಬಿ12 ಮಾತ್ರೆ ಮರೀಬಾರದು.

ಮಂದಾರ: ಸರಿ, ಎರಡು ತಿಂಗಳಾದ ಮೇಲೆ ತೂಕ ನಿಂತುಬಿಟ್ಟರೆ? ಎಲ್ಲ ಡಯಟ್‌ನಲ್ಲೂ ಈ ದೂರು ಇದೆ.

ಲೆಕ್ಕಿಗ: ದೇಹ ಹಗುರಾದಂತೆ ಖರ್ಚೂ ಇಳಿಯುತ್ತೆ. ದೇಹದ ಕ್ಯಾಲೊರಿ ಖರ್ಚು ಅಂದಾಜಿಸುವ ಮಿಫ್ಲಿನ್ ಸೂತ್ರದ ಪ್ರಕಾರ 10 ಕೆಜಿ ಇಳಿದರೆ ಸುಮ್ಮನೆ ಮಲಗಿದ್ದಾಗಿನ ಖರ್ಚೇ ದಿನಕ್ಕೆ 100 ಕ್ಯಾಲೊರಿ ಕಡಿಮೆ, ಓಡಾಟದ್ದು ಬೇರೆ. ಆದರೆ ಡಯಟ್ ಬದಲಿಸುವ ಮುಂಚೆ ನಿಜವಾಗಿ ನಿಂತಿದೆಯಾ ನೋಡಿ. ದಿನಾ ಬೆಳಗ್ಗೆ ಶೌಚಕ್ಕೆ ಹೋಗಿ ಬಂದು, ಏನೂ ತಿನ್ನದೇ ತೂಗಿ, ಏಳು ದಿನದ ಸರಾಸರಿ ಬರೆದಿಡಿ. ಮೂರು ನಾಲ್ಕು ವಾರದ ಸರಾಸರಿ ಒಂದೇ ಇದ್ದು, ಸೊಂಟದ ಅಳತೆಯೂ ಕದಲದಿದ್ದರೆ ಆಗ 150–200 ಕ್ಯಾಲೊರಿ ಇಳಿಸಿ. ಪ್ರತಿ ಕೆಜಿ ದೇಹತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಇರಲಿ. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತೆ.

ಪಥ್ಯತಜ್ಞೆ: ಆ ಪ್ರೋಟೀನ್ ಲೆಕ್ಕ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಅನ್ವಯಿಸಲ್ಲ. ಅವರು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ವರದಿ ವೈದ್ಯರಿಗೆ ತೋರಿಸಿ ಪ್ರಮಾಣ ಕೇಳಿಕೊಳ್ಳಲಿ.