ಆಂಗ್ಲೋ-ಸ್ಯಾಕ್ಸನ್ ದೊರೆಗಳ ದಾನಪತ್ರಗಳಲ್ಲಿ ಎರಡು ಭಾಷೆಗಳೇಕೆ?

ಪ್ರಶ್ನೆ (ಗದಗ): ಲಕ್ಕುಂಡಿಯ ಶಾಸನಗಳನ್ನು ಓದುವಾಗ ಹುಟ್ಟಿದ ಸಂದೇಹವಿದು. ಹಿಂದೆ ಇಂಗ್ಲೆಂಡನ್ನು ಆಳಿದ ಆಂಗ್ಲೋ-ಸ್ಯಾಕ್ಸನ್ ದೊರೆಗಳು ಭೂದಾನವನ್ನು ಲ್ಯಾಟಿನ್ನಿನಲ್ಲಿ ಬರೆಯಿಸಿ, ಎಲ್ಲೆಗಳನ್ನು ಮಾತ್ರ ಹಳೆಯ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದುದೇಕೆ? ಓದಬಲ್ಲವರೇ ವಿರಳವಾಗಿದ್ದ ನಾಡಿನಲ್ಲಿ ಅಂಥ ಪತ್ರದಿಂದ ಅರಸನಿಗೆ ಯಾವ ಬಲ ದಕ್ಕುತ್ತಿತ್ತು?

ಉತ್ತರ (ಧಾರವಾಡ): ಸರ್, ಲ್ಯಾಟಿನ್ ಚರ್ಚಿನ ಭಾಷೆಯಾದ್ದರಿಂದ ದಾನ ಕೆಡಿಸಿದವರಿಗೆ ಹಾಕುವ ಶಾಪಕ್ಕೆ ಅದು ಗಾಂಭೀರ್ಯ ತರುತ್ತಿತ್ತು, ಎಲ್ಲೆಯಾದರೋ ಹಳ್ಳ, ದಿಬ್ಬ, ಮರಗಳನ್ನು ಹಿಡಿದು ನಡೆಯುವ ಊರವರಿಗೆ ತಿಳಿಯಬೇಕಿತ್ತು. ನಮ್ಮ ತಾಮ್ರಪಟಗಳಲ್ಲಿಯೂ ಪ್ರಶಸ್ತಿ, ಅಂದರೆ ಅರಸನ ಹೊಗಳಿಕೆ, ಸಂಸ್ಕೃತದಲ್ಲಿದ್ದು ಗಡಿಯ ವಿವರ ಕನ್ನಡದಲ್ಲಿರುವುದುಂಟು.

ಉತ್ತರ (ಹಾವೇರಿ): ಇದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಇಂಗ್ಲೆಂಡಿನ ಆಗ್ನೇಯದ ಕೆಂಟ್ ರಾಜ್ಯದ ಅರಸ ಏಥೆಲ್‌ಬರ್ಟನ ಕಾನೂನುಗಳು ಕ್ರಿ.ಶ. 600ರ ಸುಮಾರಿಗೇ ಹಳೆಯ ಇಂಗ್ಲಿಷಿನಲ್ಲಿ ರಚಿತವಾದವು. ಆದ್ದರಿಂದ ದೇಶಭಾಷೆಗೆ ಅರಸೊತ್ತಿಗೆಯ ಗೌರವವಿರಲಿಲ್ಲವೆಂದು ತಿಳಿಯಬಾರದು. ನನಗೆ ಮುಖ್ಯವಾಗಿ ಕಾಣುವುದು ಸಾಕ್ಷಿಗಳ ಪಟ್ಟಿ. ಇಂಗ್ಲೆಂಡಿನ ಅರಸ ಏಥೆಲ್‌ಸ್ಟನ್ನನ (ಆಳ್ವಿಕೆ 925–939) ದಾನಪತ್ರಗಳಲ್ಲಿ ಬಿಷಪ್ಪರು, ಸಾಮಂತರೊಡನೆ ವೇಲ್ಸಿನ ಅರಸರ ಹೆಸರುಗಳೂ ಬರುತ್ತವೆ. ಅಕ್ಷರ ಬಾರದವನೂ ಈ ಸಾಕ್ಷಿಗಳೆಲ್ಲ ಸೇರಿದ ಸಭೆಯಲ್ಲಿ ಯಾರು ಯಾರಿಗೆ ಅಧೀನರೆಂಬುದನ್ನು ಕಣ್ಣಾರೆ ಕಾಣುತ್ತಿದ್ದನು.

ಉತ್ತರ (ಹುಬ್ಬಳ್ಳಿ): ಸಾಕ್ಷಿಗಳ ಹೆಸರಿನ ಮುಂದಿನ ಶಿಲುಬೆಯ ಗುರುತುಗಳನ್ನು ಸಾಮಾನ್ಯವಾಗಿ ಲಿಪಿಕಾರನೇ ಹಾಕುತ್ತಿದ್ದನೆಂಬುದನ್ನೂ, ಅಂದರೆ ಅವು ಸಾಕ್ಷಿಗಳ ಸ್ವಂತ ಸಹಿಗಳಲ್ಲವೆಂಬುದನ್ನೂ, ಇಲ್ಲಿ ಗಮನಿಸಬೇಕು.